ಇಪ್ಪತ್ತೈದು ದಿನದ ತಪ್ಪು

ಸೇಸಪ್ಪನಷ್ಟು ಹಠಮಾರಿ ಇನ್ನೊಬ್ಬನಿಲ್ಲ. ತಾನು ಸರಿ ಎಂದು ಸಾಧಿಸಲು ಹೆಂಡತಿಯ ಹಬ್ಬವನ್ನೂ ಬಿಡದವನು.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಕಾರ್ಖಾನೆಗಳಲ್ಲಿ ತೂಕದ ಯಂತ್ರ ಪರೀಕ್ಷಿಸುವುದು ಅವನ ಕೆಲಸ. ಎರಡು ಗ್ರಾಂ ಹೆಚ್ಚುಕಡಿಮೆಯಾದರೂ ಕೆಂಪು ಚೀಟಿ ಅಂಟಿಸುತ್ತಾನೆ. ಮ್ಯಾನೇಜರರು ಎಷ್ಟು ಚಹಾ ಕುಡಿಸಿದರೂ ಅದನ್ನು ಕೀಳುವುದಿಲ್ಲ. ಪಂಚಾಂಗಕ್ಕೂ ಅದೇ ಚೀಟಿ ಬೇಕು ಎನ್ನುವುದು ಅವನ ವಾದ. ಬಿಸು ಎಂದರೆ ಹಗಲಿರುಳು ಸಮವಾಗುವ ದಿನ, ಅದು ಬರುವುದು ಮಾರ್ಚ್ ತಿಂಗಳಲ್ಲಿ. ತುಳುವರು ಏಪ್ರಿಲ್ ನಡುವೆ ಹೊಸ ವರ್ಷವೆಂದು ಆಚರಿಸುವ ಬಿಸು ಇಪ್ಪತ್ತೈದು ದಿನ ಹಳಸಿದ್ದು. ಹಾಗೆಂದು ಪ್ರತಿ ಮಾರ್ಚಿನಲ್ಲೂ ಇಂಟರ್‌ನ್ಯಾಷನಲ್ ಸಿಟಿಯ ಮನೆಯ ಬಾಲ್ಕನಿಯಲ್ಲಿ ದಿಕ್ಸೂಚಿ ಹಿಡಿದು, ಸೂರ್ಯ ನೇರ ಪೂರ್ವಕ್ಕೆ ಹುಟ್ಟಿದ್ದನ್ನು ಖಚಿತಪಡಿಸಿಕೊಂಡು, ಒಂದು ತೆಂಗಿನಕಾಯಿ ಇಟ್ಟು ಒಬ್ಬನೇ ಬಿಸು ಮುಗಿಸುತ್ತಿದ್ದ.

ಹೆಂಡತಿ ರಾಜೀವಿ ಏಪ್ರಿಲ್‌ನಲ್ಲಿ ಅಕ್ಕಿ, ಕಾಯಿ, ಸೌತೆ, ಚಿನ್ನ, ಕನ್ನಡಿ ಜೋಡಿಸಿ ಕಣಿ ಇಡುತ್ತಿದ್ದಳು. ಎದ್ದೊಡನೆ ಮೊದಲು ಕಾಣಬೇಕಾದ್ದು ಅದು. ಸೇಸಪ್ಪ ನೆಲ ನೋಡುತ್ತಾ ಅದನ್ನು ದಾಟಿ ಡ್ಯೂಟಿಗೆ ಹೋಗುತ್ತಿದ್ದ. ಮೂವತ್ತೊಂದು ವರ್ಷ ಹೀಗೇ ನಡೆಯಿತು.

ಈ ಸಲ ಏಪ್ರಿಲ್ ಹೊತ್ತಿಗೆ ರಾಜೀವಿ ಮೊಣಕಾಲಿನ ಆಪರೇಶನ್ ಆಗಿ ಆಸ್ಪತ್ರೆಯಲ್ಲಿದ್ದಳು. ಬಿಸುವಿನ ಹಿಂದಿನ ಸಂಜೆ ಗಂಡನ ಬಿಸುವಿನ ಕತೆಯನ್ನೆಲ್ಲ ಊರ ಕಡೆಯವಳೇ ಆದ ಕಲ್ಯಾಣಪುರದ ನರ್ಸ್ ಡೆಲ್ಫಿನ್‌ಗೆ ಹೇಳಿ ನಗಿಸಿದಳು. ಕೊನೆಗೆ ಗೋಡೆಯ ಕಡೆ ತಿರುಗಿ, "ಈ ವರ್ಷ ಗ್ಲೂಕೋಸ್ ಬಾಟಲಿಯೇ ನನ್ನ ಕಣಿ" ಎಂದಳು. ಒಂದು ಬಿಸುವಿಗೂ ಕಣಿ ತಪ್ಪಿಸಿದವಳಲ್ಲ. ಗಂಡನ ಹತ್ತಿರ ಏನನ್ನೂ ಕೇಳಲಿಲ್ಲ. ಕೇಳಿ ಪ್ರಯೋಜನವಿಲ್ಲವೆಂದು ಗೊತ್ತಿತ್ತು.

ಮರುದಿನ ಬೆಳಗು ಹರಿಯುವಷ್ಟರಲ್ಲಿ ಸೇಸಪ್ಪ ಪ್ಲಾಸ್ಟಿಕ್ ಚೀಲ ಹಿಡಿದು ವಾರ್ಡಿನ ಬಾಗಿಲಲ್ಲಿದ್ದ. ಡೆಲ್ಫಿನ್ ತಡೆದು, ಇದು ಭೇಟಿಯ ಹೊತ್ತಲ್ಲ ಎಂದಳು. ಚೀಲದೊಳಗೆ ಇಣುಕಿದಳು. ಸೌತೆಕಾಯಿ, ತೆಂಗಿನಕಾಯಿ, ಒಂದು ಹಿಡಿ ಅಕ್ಕಿ, ಅವನ ಶೇವಿಂಗ್ ಕನ್ನಡಿ, ಆಪರೇಶನ್ನಿಗೆ ಮೊದಲು ರಾಜೀವಿ ಬಿಚ್ಚಿಕೊಟ್ಟಿದ್ದ ಕರಿಮಣಿ.

"ಬಿಸು ಹೋದ ತಿಂಗಳೇ ಮುಗಿದಿದೆಯಂತಲ್ಲ ಅಂಕಲ್?"

"ನನ್ನದು ಮುಗಿದಿದೆ. ಅವಳದ್ದು ಇವತ್ತು."

ಡೆಲ್ಫಿನ್ ದಾರಿ ಬಿಟ್ಟಳು. ಸೇಸಪ್ಪ ಊಟದ ತಟ್ಟೆಯಲ್ಲಿ ಎಲ್ಲವನ್ನೂ ಜೋಡಿಸಿದ. ರಾಜೀವಿಯ ಕಣ್ಣ ಮೇಲೆ ಅಂಗೈ ಇಟ್ಟು ಎಬ್ಬಿಸಿದ, ಕೈ ತೆಗೆದ. ಅವಳು ಅಕ್ಕಿಯಿಂದ ಕನ್ನಡಿಯವರೆಗೆ ಒಂದೊಂದನ್ನೂ ನೋಡಿದಳು.

ಆಮೇಲೆ ಅವನು ತಟ್ಟೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಬಗ್ಗಿ, ತಾನೂ ನೋಡಿದ.