ಅವರೆಬೇಳೆಯ ಜೊತೆ ಮೈನಸ್ ಹದಿನೆಂಟರಲ್ಲಿ

ನಮ್ಮ ನಾಗಮಂಗಲದ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವಂಥ ಚಳಿ ಬೀಳುವುದಿಲ್ಲ. ಪುಷ್ಯಮಾಸದ ಬೆಳಗಿನಲ್ಲಿ ಕುರಿ ಮೇಯಿಸುವವರು ಕಂಬಳಿಯೊಳಗೆ ಮುದುಡಿಕೊಂಡು ಬೀಡಿ ಹಚ್ಚುತ್ತಾರೆ, ಅಷ್ಟೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಸೋಲಾರ್ ಬ್ಯಾಟರಿ ಚಾರ್ಜ್ ಆಗುತ್ತದೋ ಇಲ್ಲವೋ ಎಂಬುದು ಹಿಮಾಲಯದಲ್ಲಿ ಕಾವಲಿರುವ ಸೈನಿಕರ ಚಿಂತೆ. ಅದನ್ನು ಬಿಂಡಿಗನವಿಲೆ ಪಕ್ಕದ ಒಂದು ಹಳ್ಳಿಗೆ, ಅದೂ ಶಿವರಾತ್ರಿ ಕಳೆದು ತಗಡಿನ ಶೀಟು ಕಾಯತೊಡಗಿದ ಮೇಲೆ, ತಂದು ಮುಟ್ಟಿಸಿದ ಕೀರ್ತಿ ನನ್ನದು.

ಆ ಹಳ್ಳಿ ನನ್ನ ತಂಗಿಯ ಗಂಡನ ಊರು. ಅವಳು ಬೀದಿಯ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಅವರೆಕಾಯಿಯ ಕಾಲದಲ್ಲಿ ಕಾಳು ಬಿಡಿಸಿ, ನೆನೆಹಾಕಿ, ಒಂದೊಂದನ್ನೇ ಹಿತಕಿ ಸಿಪ್ಪೆ ಕಳಚಿ, ಆ ಬೇಳೆಯನ್ನು ಪ್ಯಾಕೆಟ್ಟು ಮಾಡಿ ಮೈನಸ್ ಹದಿನೆಂಟು ಡಿಗ್ರಿಯ ಕೋಣೆಯಲ್ಲಿಡುತ್ತಾಳೆ. ಅವರೆ ಸಿಗದ ಬೇಸಿಗೆಯಲ್ಲಿ ಅದಕ್ಕೆ ಗಿರಾಕಿ ಉಂಟು. ಕೆ.ಆರ್.ಎಸ್.ನ ಎರಡು ಸಣ್ಣ ಹೋಟೆಲಿನವರು ಮೊದಲಿನಿಂದಲೂ ಕೊಳ್ಳುತ್ತಿದ್ದರು. ಈ ಸಲ ಶ್ರೀರಂಗಪಟ್ಟಣದ ಮದುವೆ ಅಡಿಗೆಯವರೊಬ್ಬರು, ಮೊದಲ ಲೋಡು ಚೆನ್ನಾಗಿದ್ದರೆ ವೈಶಾಖದ ಮದುವೆಗಳಿಗೆಲ್ಲ ನಿಮ್ಮದೇ ಬೇಳೆ ಎಂದಿದ್ದರು. ಐದು ಮನೆಯ ಹೆಂಗಸರ ಬೆರಳು ಸವೆದ ಚಳಿಗಾಲವೊಂದು ಆ ಕೋಣೆಯೊಳಗೆ ಪೇರಿಸಿಟ್ಟಿತ್ತು.

ಕೋಣೆ ಹಳೆಯದು, ಯಾರೋ ಬಳಸಿ ಬಿಟ್ಟದ್ದು. ಮೋಟಾರು ಎರಡು ಗಂಟೆ ನಿಂತರೆ ಒಳಗೆ ನೀರು ಜಿನುಗುತ್ತದೆ. ಒಮ್ಮೆ ಕರಗಿದ ಬೇಳೆ ಮತ್ತೆ ಹೆಪ್ಪುಗಟ್ಟಿದರೆ ಕಪ್ಪು ಬೆಲ್ಲದಚ್ಚಿನ ಹಾಗೆ ಒಂದೇ ಮುದ್ದೆ. ಅದಕ್ಕೇ ಮಾಡಿನ ಮೇಲೆ ಸೋಲಾರ್ ಹಲಗೆ, ಕೆಳಗೆ ಲಿಥಿಯಂ ಬ್ಯಾಟರಿ. ಕರೆಂಟು ಹೋದರೆ ಬ್ಯಾಟರಿ ಮೋಟಾರನ್ನು ಓಡಿಸಬೇಕು, ಬಿಸಿಲು ಬ್ಯಾಟರಿಯನ್ನು ತುಂಬಬೇಕು. ಮೈಸೂರಿನ ಕಂಪನಿಯಿಂದ ಕೂರಿಸಲು ಬಂದವರು ಬ್ಯಾಟರಿಯನ್ನು ಹೊರಗಿನ ಗೋಡೆಗೆ ಒರಗಿಸಿ ಹೋದರು.

ನಾನು ಕೃಷ್ಣರಾಜಪೇಟೆಯಲ್ಲಿ ಮೂವತ್ತು ವರ್ಷ ಹುಡುಗರಿಗೆ ವೈರಿಂಗ್ ಕಲಿಸಿ ನಿವೃತ್ತನಾದವನು. ನನ್ನ ಕಾಲದ ಬ್ಯಾಟರಿಗಳೆಲ್ಲ ಆಸಿಡ್ಡಿನವು. ಅವನ್ನು ಕೊಲ್ಲುತ್ತಿದ್ದದ್ದು ಸೆಕೆ. ತಗಡಿನ ಕೆಳಗೆ ಹೊಸ ಬ್ಯಾಟರಿ ಕಾಯುವುದನ್ನು ಕಂಡು ಕರುಳು ಚುರುಕ್ಕೆಂದಿತು. ಪಕ್ಕದಲ್ಲೇ ಸ್ವರ್ಗದಂಥ ತಂಪು ಕೋಣೆಯಿದೆ! ಬ್ಯಾಟರಿಯನ್ನು ಒಳಗಿಟ್ಟು, ತಂತಿಯನ್ನು ತೂತಿನಿಂದ ಹೊರಗೆಳೆದು, ತೂತಿಗೆ ಮೆತ್ತಿ, ಒಂದು ದೇವಸ್ಥಾನದ ಕಳಶ ಸ್ಥಾಪಿಸಿದ ಗಾಂಭೀರ್ಯದಿಂದ ಕೈ ತೊಳೆದುಕೊಂಡೆ.

"ಕಂಪ್ನಿಯೋರು ಇಲ್ಲಿಟ್ಟವ್ರಲ್ಲಣ್ಣ, ಅವ್ರಿಗೆ ಗೊತ್ತಿಲ್ವ?" ಎಂದಳು ತಂಗಿ.

"ಅವರಿಗೆ ಮೈಸೂರಿನ ಸೆಕೆ ಗೊತ್ತು, ನಾಗಮಂಗಲದ್ದು ಗೊತ್ತಿಲ್ಲ" ಎಂದು ತೀರ್ಪು ಕೊಟ್ಟೆ.

ಮೊದಲೆರಡು ಸಲ ಕರೆಂಟು ಹೋದಾಗ ಬ್ಯಾಟರಿ ಗಂಟೆಗಟ್ಟಲೆ ದುಡಿಯಿತು. ನಾನು ಮೀಸೆ ಸವರಿಕೊಂಡೆ. ಆದರೆ ಖರ್ಚಾದದ್ದು ಮತ್ತೆ ತುಂಬಲಿಲ್ಲ. ಬ್ಯಾಟರಿಯ ಲೆಕ್ಕ ತೋರಿಸಲು ಹೊರಗೆ ಗೋಡೆಗಿದ್ದ ಪುಟ್ಟ ಪರದೆಯಲ್ಲಿ ಶೇಕಡಾ ನೂರಿದ್ದದ್ದು ಅರವತ್ತಾಯಿತು, ಆಮೇಲೆ ಇಪ್ಪತ್ತೆರಡು. ಹಲಗೆಯ ಮೇಲೆ ಧೂಳು ಎಂದು ನಿರ್ಣಯಿಸಿದೆ. ತಂಗಿ ಮೂರು ದಿನ ಬೆಳಗ್ಗೆ ಏಣಿ ಹತ್ತಿ, ಎಮ್ಮೆ ಮೈ ತೊಳೆದಂತೆ ಹಲಗೆ ತೊಳೆದಳು. ಇಪ್ಪತ್ತೆರಡು ಇಪ್ಪತ್ತೆರಡಾಗಿಯೇ ಇತ್ತು.

ನಾಲ್ಕನೆಯ ಬೆಳಗ್ಗೆ ಊರಿನವರ ಫೋನುಗಳಿಗೆಲ್ಲ ಸುದ್ದಿ ಬಂತು: ಲೈನ್ ಕೆಲಸ, ನಾಳೆ ಹತ್ತರಿಂದ ಸಂಜೆ ಐದರವರೆಗೆ ಕರೆಂಟಿಲ್ಲ. ಒಟ್ಟು ಏಳು ಗಂಟೆ. ತಂಗಿ ನನ್ನ ಮುಖ ನೋಡಲಿಲ್ಲ, ಸೀದಾ ಕಂಪನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಆ ಕಡೆ ಒಬ್ಬ ಹೆಣ್ಣುಮಗಳು.

"ಬ್ಯಾಟರಿ ಎಲ್ಲಿದೆ ಮೇಡಂ?"

"ಕೋಲ್ಡ್ ರೂಮ್ನಾಗೆ."

"ಪಕ್ಕದಲ್ಲಾ?"

"ಒಳೀಕೆ. ನಮ್ಮಣ್ಣ ಇಕ್ಕವ್ನೆ."

ಆ ಕಡೆ ಒಂದು ಕೆಮ್ಮು, ಅದರ ಹಿಂದೆ ಮತ್ತೊಂದು. ನಗುವನ್ನು ನುಂಗುವುದಕ್ಕೆ ಮನುಷ್ಯನಿಗೆ ಎಷ್ಟು ಹೊತ್ತು ಬೇಕೆಂದು ನನಗೆ ಅವತ್ತು ತಿಳಿಯಿತು. ಆಮೇಲೆ ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಸೊನ್ನೆಗಿಂತ ಕೆಳಗೆ ಈ ಬ್ಯಾಟರಿ ತನ್ನಲ್ಲಿರುವುದನ್ನು ಕೊಡುತ್ತದೆ, ಹೊಸದಾಗಿ ತೆಗೆದುಕೊಳ್ಳುವುದಿಲ್ಲ. ಬಲವಂತವಾಗಿ ತುಂಬಿದರೆ ಒಳಗೇ ಹಾಳಾಗುತ್ತದೆಂದು ತಾನಾಗಿಯೇ ಬಾಗಿಲು ಹಾಕಿಕೊಳ್ಳುತ್ತದೆ. ಹೊರಗೆ ತನ್ನಿ, ಪರದೆ ಹತ್ತು ಡಿಗ್ರಿ ತೋರಿಸುವವರೆಗೆ, ಮೈ ಪೂರಾ ಒಣಗುವವರೆಗೆ ಚಾರ್ಜಿನ ತಂತಿ ಸೇರಿಸಬೇಡಿ. ಬೆಂಕಿ ಬೇಡ, ಬಿಸಿನೀರು ಬೇಡ, ಸುಡು ಬಿಸಿಲೂ ಬೇಡ.

"ಹಾಳಾಗಿಲ್ಲ ತಾನೇ?" ಎಂದೆ.

"ಇಲ್ಲ ಸಾರ್. ಅದಕ್ಕೆ ಬುದ್ಧಿ ಇದೆ."

'ಅದಕ್ಕೆ' ಎನ್ನುವಾಗ ಸ್ವಲ್ಪ ಒತ್ತಿ ಹೇಳಿದಳೆಂದು ತಂಗಿಯ ವಾದ. ನಾನು ಒಪ್ಪಿಲ್ಲ.

ತಂತಿ ಬಿಚ್ಚಿ, ಬಾಗಿಲು ಬೇಗ ತೆರೆದು ಬೇಗ ಮುಚ್ಚಿ, ನಾವಿಬ್ಬರೂ ಗೋಣಿತಾಟಿನ ಮೇಲೆ ಬ್ಯಾಟರಿಯನ್ನು ಎಳೆದುಕೊಂಡು ಜಗುಲಿಗೆ ತಂದೆವು. ಹೊರಗಿನ ಗಾಳಿ ತಾಗಿದ್ದೇ ತಡ, ಅದರ ಮೈಯೆಲ್ಲ ನೀರಿನ ಹನಿ.

"ಬೆವರ್ತಾ ಐತೆ ಕಣಣ್ಣ, ಜ್ವರ ಬುಟ್ಟಂಗೆ" ಎಂದು ತಂಗಿ ಟವೆಲಿನಿಂದ ಒರೆಸಿದಳು.

ಪರದೆಯ ಸಣ್ಣ ತಂತಿಯನ್ನಷ್ಟೇ ಸೇರಿಸಿದೆವು, ಅದು ಮೈನಸ್ ಹದಿನಾರು ತೋರಿಸುತ್ತಿತ್ತು. ಕಳೆದುಹೋದ ಮಾನವನ್ನು ಮರಳಿ ಪಡೆಯುವ ಸಮಯ ಇದೇ ಎಂದು ನಾನು ಒಳಗಿನಿಂದ ದಪ್ಪನೆಯ ಕರಿಕಂಬಳಿ ತಂದು ಬ್ಯಾಟರಿಗೆ ಹೊದಿಸಿದೆ. ಬಾಣಂತಿಗೆ ಹೊದಿಸುವ ಹಾಗೆ, ಎಲ್ಲೂ ಗಾಳಿಯಾಡದಂತೆ.

ಜಗುಲಿಯ ಆ ತುದಿಯಲ್ಲಿ ಎದುರುಮನೆಯ ಅಜ್ಜಿ ಕೂತಿತ್ತು. ಹಿತಕುವ ಗುಂಪಿನಲ್ಲಿ ಎಲ್ಲರಿಗಿಂತ ಚುರುಕು ಕೈ ಅದರದೇ. "ಮೇಷ್ಟ್ರೇ, ಐಸ್‌ಕ್ಯಾಂಡಿಯೋನು ಡಬ್ಬಕ್ಕೆ ಗೋಣಿ ಯಾಕ್ ಸುತ್ತಿರ್ತಾನೆ?"

"ಕರಗದಿರಲಿ ಅಂತ" ಎಂದೆ. ಹೇಳುತ್ತಿದ್ದಂತೆ ಕೈ ತಾನಾಗಿಯೇ ಕಂಬಳಿಯ ತುದಿಗೆ ಹೋಯಿತು.

"ಮತ್ತೆ ನೀವೇನ್ ಮಾಡ್ತಾ ಇರೋದು?"

ಕಂಬಳಿಗೆ ತನ್ನದೆಂಬ ಕಾವಿಲ್ಲ, ಒಳಗಿದ್ದದ್ದನ್ನು ಕಾಯುತ್ತದೆ, ಅಷ್ಟೆ. ಇಲ್ಲಿ ಒಳಗಿದ್ದದ್ದು ಚಳಿ. ಈ ಪಾಠವನ್ನು ನಾನೇ ಬೋರ್ಡಿನ ಮೇಲೆ ಚಿತ್ರ ಬರೆದು ಎಷ್ಟು ವರ್ಷ ಹೇಳಿದ್ದೆನೋ. ತಂಗಿ ಕಂಬಳಿ ಕಿತ್ತೆಸೆದು, ಬ್ಯಾಟರಿಯ ಕೆಳಗೆ ಎರಡು ಇಟ್ಟಿಗೆ ಕೊಟ್ಟು, ನೆರಳಿನಲ್ಲೇ ನಿಲ್ಲಿಸಿ, ಎದುರಿಗೆ ಟೇಬಲ್ ಫ್ಯಾನು ಇಟ್ಟಳು. ಚಳಿ ಹಿಡಿದವರಿಗೆ ಫ್ಯಾನು ಹಾಕುವ ವೈದ್ಯವನ್ನು ನಾನು ಎಲ್ಲೂ ಕಂಡಿರಲಿಲ್ಲ. ಆದರೆ ಮಧ್ಯಾಹ್ನದ ಬಿಸಿಗಾಳಿಯನ್ನು ಫ್ಯಾನು ಅದರ ಮೈಗೆ ತಳ್ಳಿದಂತೆಲ್ಲ ಅಂಕಿ ಒಂದೊಂದೇ ಮೇಲೆ ಬಂತು. ಹನ್ನೆರಡಕ್ಕೆ ಮೈನಸ್ ಐದು. ನಾವು ಮುದ್ದೆ ಉಂಡು ಬರುವಾಗ ಸೊನ್ನೆ. ಅಲ್ಲಿ ಬಹಳ ಹೊತ್ತು ಹಟ ಹಿಡಿದು ಕೂತಿತು.

"ಈಗ ಸೇರಿಸಿಬಿಡೋಣ, ಒಂದು ಬಂದರೆ ಸಾಕು" ಎಂದೆ. ಬಿಸಿಲು ಇಳಿಯುತ್ತಿತ್ತು, ನನಗೆ ಕಾಲು ನಿಲ್ಲದು.

"ಕಂಪ್ನಿಯೋಳು ಅತ್ತು ಡಿಗ್ರಿ ಅಂದವ್ಳೆ. ಅತ್ತೇ ಬರ್ಲಿ. ನೀನು ವಸಿ ಸುಮ್ಕಿರು."

ಹತ್ತು ಬಂದಾಗ ಮೂರು ದಾಟಿತ್ತು. ತಂಗಿ ಮೂಲೆ ಮೂಲೆ ಮುಟ್ಟಿ ನೋಡಿ, ಒಣಗಿದೆ ಎಂದ ಮೇಲೆ ನಾನು ತಂತಿ ಸೇರಿಸಿದೆ. ಕೆಂಪು ದೀಪ ಹಸಿರಾಯಿತು. ಅರ್ಧ ಗಂಟೆಯಲ್ಲಿ ಇಪ್ಪತ್ತೆರಡು ಇಪ್ಪತ್ತೇಳಾಯಿತು. ಪರದೆಯ ಮೇಲಿನ ಐದು ಅಂಕಿಗಾಗಿ ನಾನು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಸೂರ್ಯ ಮುಳುಗುವಾಗ ಮೂವತ್ತೊಂಬತ್ತು.

ಮರುದಿನ ಬೆಳಗಿನ ಬಿಸಿಲು ಅದನ್ನು ಐವತ್ತೆಂಟಕ್ಕೆ ತಂದಿತು. ಹತ್ತಕ್ಕೆ ಸರಿಯಾಗಿ ಕರೆಂಟು ಹೋಯಿತು. ಮೋಟಾರು ನಿಂತು, ಒಂದು ಉಸಿರು ಹಿಡಿದು, ಮತ್ತೆ ಗುಂಯ್ ಎಂದಿತು. ಆ ಐವರು ಹೆಂಗಸರೂ ಜಗುಲಿಯ ಮೇಲೆ ಕೂತು ಹುಣಿಸೆಹಣ್ಣು ಬಿಡಿಸುವ ನೆವ ಹೂಡಿದ್ದರು. ಕಿವಿ ಎಲ್ಲ ಮೋಟಾರಿನ ಕಡೆ. ಮಧ್ಯಾಹ್ನದವರೆಗೂ ಬಿಸಿಲು ಕೊಟ್ಟದ್ದೂ ಮೋಟಾರು ತಿಂದದ್ದೂ ಸರಿಸಮ. ಮೂರರ ಮೇಲೆ ಮೋಡ ಬಂದು ಅಂಕಿ ಇಳಿಯತೊಡಗಿತು. ಹುಣಿಸೆಹಣ್ಣಿನ ನೆವವೂ ಅಲ್ಲಿಗೆ ನಿಂತಿತು. ಐದೂ ಹತ್ತಕ್ಕೆ ಕರೆಂಟು ಬಂದಾಗ ಬ್ಯಾಟರಿಯಲ್ಲಿ ಇನ್ನೂ ಮೂವತ್ತು ಉಳಿದಿತ್ತು.

ತಂಗಿ ಕೋಣೆಯ ಬಾಗಿಲು ಒಂದು ಗೇಣು ತೆರೆದು ಕೈಗೆ ಸಿಕ್ಕ ಪ್ಯಾಕೆಟ್ಟನ್ನು ಎಳೆದುಕೊಂಡಳು. ಅಜ್ಜಿ ಅದನ್ನು ಇಸಿದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿತು. ಗಲಗಲ ಎಂದು ಬೇಳೆ ಬಿಡಿಬಿಡಿಯಾಗಿ ಸದ್ದು ಮಾಡಿತು. ಅಜ್ಜಿ ಅದನ್ನು ಪಕ್ಕದವಳಿಗೆ ಕೊಟ್ಟಿತು, ಅವಳೂ ಅಲ್ಲಾಡಿಸಿದಳು. ಕೊನೆಗೆ ನನಗೂ ಕೊಟ್ಟರು.

ಅಷ್ಟರಲ್ಲಿ ತಂಗಿ ಶ್ರೀರಂಗಪಟ್ಟಣಕ್ಕೆ ಫೋನ್ ಹಚ್ಚಿದ್ದಳು.

"ಡಬ್ಬಕ್ಕೆ ಗೋಣಿ ಸುತ್ತಿ ನಾಳೆ ಮೊದ್ಲ ಬಸ್ಸಿಗೆ ಆಕ್ತೀನಿ ಭಟ್ರೇ. ಸ್ಟ್ಯಾಂಡಿಗೆ ಯಾರ್ನಾದ್ರೂ ಕಳ್ಸಿ, ಬಿಸ್ಲಲ್ಲಿ ನಿಲ್ಸ್‌ಬ್ಯಾಡಿ."