ಹುಣಿಯ ಮೇಲಿನ ತಿಮರೆ

ಮೂಡಬಿದಿರೆಯ ಸಂತೆಯಲ್ಲಿ ಮೊನ್ನೆ ಒಬ್ಬಾಕೆ ಬಾಳೆನಾರಿನಲ್ಲಿ ಕಟ್ಟಿದ ತಿಮರೆಯ ಕಟ್ಟೊಂದನ್ನು ನನ್ನ ಕೈಗಿಟ್ಟರು. ಒಂದೆಲಗ ಎಂದು ನೀವು ಕರೆಯುವುದು ಇದನ್ನೇ. ಬೇರಿನಲ್ಲಿ ಗದ್ದೆಯ ಕೆಸರು ಇನ್ನೂ ಹಸಿಯಾಗಿತ್ತು. ಎಲೆಯೊಂದನ್ನು ಹಿಸುಕಿ ಮೂಗಿಗೆ ಹಿಡಿದೆ. ಆ ತಂಪು, ತುಸು ಕಹಿ ಪರಿಮಳದೊಂದಿಗೆ ಪುಂಜಾಲಕಟ್ಟೆ ಹತ್ತಿರದ ಅಜ್ಜಿಮನೆಯ ಬೈಲು ಇಡೀ ಕಣ್ಣೆದುರು ಬಂದು ನಿಂತಿತು. ಮತ್ತೊಮ್ಮೆ ಮೂಸಿದೆ. ಬರೇ ಚಟ್ನಿಗಾದರೂ ಸರಿ, ತಿಮರೆಯನ್ನು ಎರಡು ಸಲ ಮೂಸದೆ ನಾನು ಮನೆಗೆ ತಂದದ್ದಿಲ್ಲ.

ಆ ಮನೆ ಈಗಿಲ್ಲ. ಬೈಲಿಗೆ ಮಣ್ಣು ತುಂಬಿಸಿ ಸೈಟು ಮಾಡಿದ್ದಾರೆ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಗದ್ದೆಯ ಹುಣಿಯಲ್ಲಿ, ಎಂದರೆ ಬದುವಿನಲ್ಲಿ, ಎಲ್ಲಿ ಯಾವ ಸೊಪ್ಪು ಎನ್ನುವುದು ಅವರಿಗೆ ಬಾಯಿಪಾಠ. ಮಾತು ತಡವಾದ ಮಕ್ಕಳಿಗೆ ತಿಮರೆಯ ರಸವನ್ನು ಜೇನಿನಲ್ಲಿ ಕಲಸಿ ನೆಕ್ಕಿಸುತ್ತಿದ್ದರು. ಅದೇ ಹುಣಿಯಲ್ಲಿ ಅದರಂತೆಯೇ ಹರಡುವ ಇನ್ನೊಂದು ಬಳ್ಳಿಯಿತ್ತು, ಹೊಟ್ಟೆಗೆ ಹೋದರೆ ವಾಂತಿಯೇ. ಅಜ್ಜಿ ಅದನ್ನು ಕಳ್ಳತಿಮರೆ ಎನ್ನುತ್ತಿದ್ದರು. ಒಂದು ದಂಟಿಗೆ ಒಂದೇ ಎಲೆಯೇ, ಗೆಣ್ಣು ಗೆಣ್ಣಿಗೂ ಬೇರು ಇಳಿದಿದೆಯೇ ಎಂದು ಬೆರಳಿನಲ್ಲೇ ತಡವಿ ನೋಡಿ, ಕೊನೆಗೆ ಎಲೆಯನ್ನು ಹಿಸುಕಿ ನನ್ನ ಮೂಗಿಗೆ ಹಿಡಿಯುತ್ತಿದ್ದರು. ನಸ್ಯ ಏರಿಸಿ ಏರಿಸಿ ಅವರದೇ ಮೂಗು ಕೆಟ್ಟಿತ್ತು. ಮದ್ದಿಗೆ ಹೊರಟಲ್ಲಿಂದ ಅರೆದು ಮುಗಿಯುವವರೆಗೆ ಮಾತಾಡಬಾರದೆಂಬ ಕಟ್ಟಳೆ ಬೇರೆ. ಹಾಗಾಗಿ ಅವರು ಹುಬ್ಬಿನಲ್ಲಿ ಕೇಳುವುದು, ನಾನು ತಲೆಯಲ್ಲಿ ಉತ್ತರಿಸುವುದು. ಒಂಬತ್ತು ವರ್ಷದವಳಿಗೆ ಅದೆಷ್ಟು ಜಂಬ ಎನ್ನುತ್ತೀರಿ.

ಅಜ್ಜಿ ಪೊಳಲಿ ದೇವಸ್ಥಾನಕ್ಕೆ ಹೋಗಿದ್ದ ಒಂದು ದಿನ ಮಾವ ಹುಣಿಯ ಹುಲ್ಲಿಗೆ ಕಳೆಯ ವಿಷ ಹೊಡೆದರು. ನಮ್ಮ ಬೈಲಿಗೆ ಅದು ಮೊದಲ ಸಲ. “ಅಜ್ಜಿಗೆ ಹೇಳ್ಬೇಡ ಆಯ್ತಾ, ಸುಮ್ಮನೆ ಬೈತಾರೆ,” ಎಂದರು. ಮಾವನೆಂದರೆ ನನಗೆ ಪ್ರಾಣ, ಒಪ್ಪಿದೆ. ಮರುದಿನ ಬೆಳಿಗ್ಗೆಯೇ ಆಚೆಮನೆಯ ಸುಮತಿಯಕ್ಕ ತನ್ನ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಬಂದರು. ಆ ಮಗು ಇನ್ನೂ ಅಮ್ಮ ಎಂದಿರಲಿಲ್ಲ. ಅಜ್ಜಿ ನನ್ನ ಕೈಹಿಡಿದು ಹುಣಿಗೆ ಇಳಿದರು. ಹುಲ್ಲು ಬಾಡಿರಲಿಲ್ಲ, ಎಲ್ಲ ಎಂದಿನಂತೆ ಹಸಿರಾಗಿತ್ತು. ಎಲೆ ಹಿಸುಕಿ ಮೂಗಿಗೆ ಹಿಡಿದಾಗ ತಿಮರೆಯ ಪರಿಮಳದ ಅಡಿಯಲ್ಲಿ ಮಾವನ ವಿಷದ ಕ್ಯಾನಿನ ವಾಸನೆ ಇತ್ತು. ಅಜ್ಜಿಯ ಹುಬ್ಬು ಮೇಲೇರಿತು. ಮಾತಾಡುವಂತಿಲ್ಲ, ಮಾವನಿಗೆ ಕೊಟ್ಟ ಮಾತೂ ಇತ್ತು. ಅವರು ಕೇಳಿದ್ದು ತಿಮರೆಯೇ ಎಂದು, ಅದು ತಿಮರೆಯೇ ಆಗಿತ್ತು. ಹೌದೆಂದು ತಲೆಯಾಡಿಸಿದೆ.

ಮಧ್ಯಾಹ್ನದ ಹೊತ್ತಿಗೆ ಮಗು ವಾಂತಿ ಮಾಡಿ ಮಾಡಿ ಬಟ್ಟೆಯ ಹಾಗೆ ಜೋತುಬಿತ್ತು. ಜೀಪಿನಲ್ಲಿ ಬಂಟ್ವಾಳದ ಆಸ್ಪತ್ರೆಗೆ ಒಯ್ದರು. ಮೂರು ದಿನ ಅಜ್ಜಿ ಒಂದು ತುತ್ತು ಗಂಜಿ ಉಣ್ಣಲಿಲ್ಲ. ಮಗು ಉಳಿದು ಬಂತು, ಮುಂದೆ ತನ್ನಷ್ಟಕ್ಕೇ ಮಾತೂ ಕಲಿಯಿತು. ಆದರೆ ಅಜ್ಜಿ ಸುಮತಿಯಕ್ಕನ ಎದುರು ಕೈಮುಗಿದು ನಿಂತು, “ಕಳ್ಳತಿಮರೆ ಕಿತ್ತಿದ್ದೇನೆ ಮಗಳೇ, ನನ್ನ ಕಣ್ಣು ಹೋಗಿದೆ,” ಎಂದರು. ನನ್ನ ಮೂಗನ್ನು ದೂರಲೇ ಇಲ್ಲ. ಮಾವ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಹುಣಿಯ ಹುಲ್ಲು ಹಳದಿಯಾಗುವಷ್ಟರಲ್ಲಿ ಅಜ್ಜಿ ಬೈಲಿಗೆ ಇಳಿಯುವುದನ್ನೇ ಬಿಟ್ಟಿದ್ದರು. ಆಮೇಲೆ ಒಗ್ಗರಣೆಗೆ ಹಾಕುವಾಗಲೂ ಎಲೆ ತೋರಿಸಿ, ಇದು ಕರಿಬೇವೇ ಅಲ್ಲವಾ ಎಂದು ನನ್ನನ್ನು ಕೇಳುವರು. ಆ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಅಡುಗೆಮನೆಯಿಂದ ಓಡಿಹೋಗಬೇಕೆನಿಸುತ್ತಿತ್ತು.

ಕೊನೆಗಾಲದಲ್ಲಿ ಅಜ್ಜಿ ವಿಟ್ಲದ ನಮ್ಮ ಮನೆಯಲ್ಲಿದ್ದರು. ನಾನಾಗ ಎರಡು ಮಕ್ಕಳ ತಾಯಿ. ಹೇಳಿಯೇ ಬಿಡಬೇಕೆಂದು ಒಂದು ಬೆಳಿಗ್ಗೆ ನೀರು ಹರಿಯುವ ತೋಡಿನ ಬದಿಯಿಂದ ತಿಮರೆ ಕಿತ್ತು ತಂದು ಅವರ ಕೈಗಿಟ್ಟೆ. ಬೆರಳು ಹಳೆಯ ಅಭ್ಯಾಸದಂತೆ ದಂಟಿನ ಮೇಲೆ ಹರಿದು, ಗೆಣ್ಣಿನ ಬಳಿ ನಿಂತಿತು.

“ನೀನೇ ನೋಡಿ ಹೇಳು ಮಗಾ. ನನ್ನ ಕೈಯನ್ನು ನಂಬ್ಲಿಕ್ಕೆ ಆಗುದಿಲ್ಲ.”

“ತಿಮರೆಯೇ ಅಜ್ಜಿ,” ಎಂದೆ.

ಅವತ್ತಿನದ್ದೂ ತಿಮರೆಯೇ ಎನ್ನಬೇಕಿತ್ತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿಬಿಟ್ಟರೆ ಎಂದು ಹೆದರಿದೆ. ಅಜ್ಜಿ ಸೊಪ್ಪನ್ನು ನನ್ನ ಕೈಗೇ ಹಿಂದೆ ಕೊಟ್ಟರು.