ಅಕ್ಕ ಹೇಳಿದ ಮೊದಲ ವಾಕ್ಯ

ಅಕ್ಕನ ಬಗ್ಗೆ ಬರೆಯಲು ನನಗಿರುವ ಅರ್ಹತೆ ಒಂದೇ: ಅವಳ ಪರೀಕ್ಷೆ ಕೆಡಿಸಿದವನು ನಾನು. ಹಾಗೆ ನೋಡಿದರೆ ಅವಳು ನನ್ನ ಒಡಹುಟ್ಟಿದವಳಲ್ಲ. ನಾನು ಬಾಡಿಗೆಗಿರುವ ಕಟ್ಟಡದ ಕೆಳಮನೆಯವಳು, ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಹತ್ತೊಂಬತ್ತನೇ ವಯಸ್ಸಿಗೆ ಕಣ್ಣು ಪೂರ್ತಿ ಹೋಯಿತು. ಆಸ್ಪತ್ರೆಯ ನಾನೂರು ಒಳನಂಬರುಗಳು ಬಾಯಿಪಾಠ. ಯಾವ ಡಾಕ್ಟರು ಎಷ್ಟನೇ ರಿಂಗಿಗೆ ಫೋನ್ ಎತ್ತುತ್ತಾರೆ, ಯಾರು ಎತ್ತುವುದೇ ಇಲ್ಲ ಎಂಬುದೂ ಗೊತ್ತು.

ಹದಿನಾಲ್ಕು ವರ್ಷ ಅದೇ ಕುರ್ಚಿ. ಪರೀಕ್ಷೆಯ ವರ್ಷ ಮೇಲ್ವಿಚಾರಕಿಯ ಜಾಗ ಖಾಲಿಯಾಗುವುದಿತ್ತು. ಡಿಗ್ರಿ ಇದ್ದರೆ ಅದು ಅಕ್ಕನಿಗೇ ಎಂದು ಆಫೀಸಿನವರು ಹೇಳಿದ್ದರು. ಸಂಜೆ ಕಾಲೇಜಿನಲ್ಲಿ ಮೂರು ವರ್ಷ ಓದಿ ಎಲ್ಲ ಮುಗಿಸಿದ್ದಳು. ಉಳಿದದ್ದು ಸಾಹಿತ್ಯದ ಒಂದು ಪತ್ರಿಕೆ. ಅವಳು ಹೇಳಿದ್ದನ್ನು ಬರೆಯಲು ಒಬ್ಬ ಸ್ಕ್ರೈಬ್ ಬೇಕಾಗಿತ್ತು. ಹೇಳಿದ್ದಷ್ಟೇ ಬರೆಯಬೇಕು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಭ್ಯರ್ಥಿಗಿಂತ ಕಡಿಮೆ ಓದಿದವನಾಗಿರಬೇಕು ಎಂಬುದು ಇನ್ನೊಂದು ನಿಯಮ. ಆ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ. ಶಾಲೆಯಲ್ಲಿ ಸಾಹಿತ್ಯಕ್ಕೆ ಮೂವತ್ತಾರು ಅಂಕ, ಅದೂ ಗೈಡಿನ ಪುಣ್ಯ. ಈಗ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸುತ್ತೇನೆ. ಅಕ್ಕ ನನ್ನನ್ನು ಕರೆಯುವುದೂ ಕೊರಿಯರ್ ಎಂದೇ.

ಅವಳ ಮೇಷ್ಟ್ರಿಗೆ ಒಂದೇ ಹಟ. ಪ್ರಬಂಧದ ಮೊದಲ ವಾಕ್ಯ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿರಬಾರದು. ಕತೆಯ ಬಗ್ಗೆ ನಿಮ್ಮ ಮಾತು ಏನು ಎಂದು ಅಲ್ಲೇ ಹೇಳಬೇಕು. ಕೇಳಿದವರಲ್ಲಿ ಒಬ್ಬರಿಗಾದರೂ 'ಹಾಗಲ್ಲ' ಅನ್ನಿಸಬೇಕು. ಅನ್ನಿಸಿದವರನ್ನು ಕತೆಯೊಳಗಿನ ಸಾಕ್ಷಿ ತೋರಿಸಿ ಒಪ್ಪಿಸುವುದೇ ಮುಂದಿನ ಪ್ರಬಂಧ. ಅಕ್ಕ ಆಸ್ಪತ್ರೆಯಲ್ಲಿ ಎರಡು ಕರೆಗಳ ನಡುವೆ ಇಂಥ ವಾಕ್ಯ ಕಟ್ಟಿ, ಸಂಜೆ ಮೆಟ್ಟಿಲಲ್ಲಿ ಕುಳಿತು ನನ್ನ ಮೇಲೆ ಪ್ರಯೋಗಿಸುತ್ತಿದ್ದಳು. ನಾನು 'ಹೌದಲ್ವಾ ಅಕ್ಕಾ' ಎಂದರೆ ಆ ವಾಕ್ಯ ಕಸದ ಬುಟ್ಟಿಗೆ. ನೀನೇ ತಲೆದೂಗಿದೆ ಅಂದಮೇಲೆ ಅದರಲ್ಲಿ ಏನೂ ಇಲ್ಲ ಬಿಡು, ಎನ್ನುವಳು. ಲೋಕದಲ್ಲಿ ನನ್ನ ಒಪ್ಪಿಗೆಗೆ ಅಷ್ಟು ಖಚಿತವಾದ ಬೆಲೆ ಇನ್ನೆಲ್ಲೂ ಸಿಕ್ಕಿಲ್ಲ.

ಪರೀಕ್ಷೆಯಲ್ಲಿ ಬಂದದ್ದು ಪಠ್ಯದ ಒಂದು ಕತೆ. ಹೆಂಡತಿಯನ್ನು ಬಿಟ್ಟು ಹೋದ ಗಂಡ ಹನ್ನೆರಡು ವರ್ಷದ ಮೇಲೆ ಮರಳುತ್ತಾನೆ. ಅವಳು ಒಂದು ಆಕ್ಷೇಪದ ಮಾತೂ ಆಡದೆ ಊಟ ಬಡಿಸಿ ಹಾಸಿಗೆ ಹಾಸುತ್ತಾಳೆ. ನಮ್ಮಿಬ್ಬರನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದ್ದರು. ಅಕ್ಕ ಸ್ವಲ್ಪ ಹೊತ್ತು ಬೆರಳಿನಿಂದ ಮೇಜು ಕುಟ್ಟಿ ಹೇಳಿದಳು: "ಈ ಕತೆಯ ಹೆಂಡತಿ ಗಂಡನನ್ನು ಕ್ಷಮಿಸುವುದಿಲ್ಲ, ಅವನನ್ನು ಅತಿಥಿಯಂತೆ ನಡೆಸಿಕೊಂಡು ಶಿಕ್ಷಿಸುತ್ತಾಳೆ."

ನನ್ನ ಪೆನ್ನು ನಿಂತಿತು. ಮೌಲ್ಯಮಾಪಕರು ಯಾರೋ ಹಿರಿಯರು, ಸಂಸಾರಸ್ಥರು; ಇದನ್ನು ಓದಿ ಸಿಟ್ಟಾದರೆ? ಅಕ್ಕನ ಬಡ್ತಿ ಈ ಒಂದು ಸಾಲಿನ ಮೇಲೆ ನಿಂತಿದೆ, ನಾನಲ್ಲದೆ ಇನ್ಯಾರು ಕಾಪಾಡಬೇಕು? ಮೂವತ್ತಾರು ಅಂಕದ ಪಂಡಿತ ಬರೆದೆ: 'ಈ ಕತೆಯು ಸ್ತ್ರೀಯ ಕ್ಷಮಾಗುಣವನ್ನೂ ದಾಂಪತ್ಯದ ಹಿರಿಮೆಯನ್ನೂ ಮನೋಜ್ಞವಾಗಿ ಚಿತ್ರಿಸುತ್ತದೆ.' ಅಕ್ಕ ಓದಲು ಹೇಳಿದಳು. ನಾನು ಅವಳ ವಾಕ್ಯವನ್ನೇ ನೆನಪಿನಿಂದ ಓದಿದೆ. ಅವಳು ಸಮಾಧಾನದಿಂದ ಮುಂದುವರಿದಳು. ಹೊಸ ತಟ್ಟೆ, ಹೊಸ ಟವೆಲ್ಲು, 'ನಿಮಗೆ ಇನ್ನೇನಾದರೂ ಬೇಕೇ' ಎಂಬ ಬಹುವಚನ, ಜಗಳವೇ ಇಲ್ಲದ ಮನೆ... ಒಂದೊಂದೇ ಸಾಕ್ಷಿ. ಅವನ್ನೆಲ್ಲ ಪ್ರಾಮಾಣಿಕವಾಗಿ ಬರೆದೆ. ಕುದುರೆಯನ್ನು ಗಾಡಿಗೆ ತಿರುಗಾಮುರುಗಾ ಕಟ್ಟಿದ್ದೇನೆಂದು ನನಗೆ ಹೊಳೆಯಲೇ ಇಲ್ಲ.

ಪಾಸಾಗಲು ನಾಲ್ಕು ಅಂಕ ಕಡಿಮೆ ಬಿತ್ತು. ಅಕ್ಕ ಉತ್ತರಪತ್ರಿಕೆಯ ನಕಲು ತರಿಸಿದಳು. ಲಕೋಟೆ ಬಂದ ದಿನ ಮೆಟ್ಟಿಲಲ್ಲಿ ಕೂರಿಸಿ ಓದಲು ಹೇಳಿದಳು. ಆ ಪ್ರಬಂಧದ ಪಕ್ಕ ಕೆಂಪು ಶಾಯಿಯಲ್ಲಿ ಬರೆದದ್ದನ್ನು ಓದಿದೆ: ಸಾಕ್ಷಿಗಳು ಒಳ್ಳೆಯವು, ಆದರೆ ಎಲ್ಲವೂ ಮೊದಲ ವಾಕ್ಯವನ್ನು ಅಲ್ಲಗಳೆಯುತ್ತವೆ.

"ಅದ್ಹೇಗೆ?" ಎಂದಳು ಅಕ್ಕ. "ಮೊದಲನೇ ವಾಕ್ಯ ಓದು."

ಆಗಲೂ ಅವಳದನ್ನೇ ಒಪ್ಪಿಸಬಹುದಿತ್ತು. ಹುಬ್ಬು ಗಂಟಿಕ್ಕಿ ಕೂತವಳನ್ನು ನೋಡಿದೆ. ಮೂರು ವಾರದಿಂದ ತಾನು ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದಾಳೆ. ಸುಳ್ಳು ಹೇಳಿದರೆ ಜೀವಮಾನವಿಡೀ ಹುಡುಕುತ್ತಾಳೆ. ಕಾಗದದಲ್ಲಿದ್ದುದನ್ನು ಓದಿದೆ.

ಅಕ್ಕ ಕೈ ಚಾಚಿ ಆ ಹಾಳೆಯ ಮೇಲೆ ಬೆರಳಿಟ್ಟಳು.

"ಇದು ಯಾರ ಮಾತು?"

"ನಂದು ಅಕ್ಕಾ. ನಿಂಗೆ ಒಳ್ಳೇದಾಗ್ಲಿ ಅಂತ."

"ಪಾರ್ಸೆಲ್ ತಲುಪಿಸೋನು ಅದನ್ನ ಬಿಚ್ಚಿ ತನ್ನ ಹಳೇ ಅಂಗಿ ತುರುಕಿ ಕಳಿಸ್ತಾನೇನೋ?" ದನಿ ಏರಿರಲಿಲ್ಲ. ಆಪರೇಟರ್ ದನಿ, ಲೈನ್ ಬಿಜಿ ಇದೆ ಎನ್ನುವಂಥದ್ದು. "ಅವತ್ತು ಓದಿ ಹೇಳಿದ್ಯಲ್ಲ, ನನ್ನ ಮಾತನ್ನೇ?"

ಅದು ನೆನಪಿನಿಂದ ಹೇಳಿದ್ದು ಎಂದೆ. ಬೇರೆ ಉತ್ತರಗಳಲ್ಲೂ ಕೈಯಾಡಿಸಿದ್ದೆಯಾ ಎಂದು ಕೇಳಿದಳು. ಇಲ್ಲವೆಂದೆ. ಅದು ನಿಜ. ನಂಬಿದಳೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ.

ದಾರಿ ಎರಡಿದ್ದವು. ಸುಮ್ಮನೆ ಮರುಮೌಲ್ಯಮಾಪನಕ್ಕೆ ಹಾಕಿದರೆ ಯಾರಾದರೂ ಕನಿಕರದಿಂದ ನಾಲ್ಕು ಅಂಕ ಕೊಟ್ಟಾರು, ತಿಂಗಳ ಕೊನೆಗೆ ಬಡ್ತಿಯೂ ಸಿಕ್ಕೀತು. ನಡೆದದ್ದನ್ನು ಬರೆದು ತಿಳಿಸಿದರೆ ಪತ್ರಿಕೆ ರದ್ದು. ಆರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. ಅಷ್ಟರಲ್ಲಿ ಮೇಲ್ವಿಚಾರಕಿಯ ಕುರ್ಚಿಯಲ್ಲಿ ಬೇರೆಯವರು. ಮೊದಲನೆಯದೇ ವಾಸಿ ಎಂದು ನಾನು ಅಳುಕುತ್ತಲೇ ಅಂದೆ.

"ನೀನು ಒಪ್ಪಿದ್ಯಲ್ಲ, ಅಲ್ಲಿಗೆ ಮುಗೀತು," ಎಂದಳು. ನಗು ಬರಬೇಕಿತ್ತು, ಇಬ್ಬರಿಗೂ ಬರಲಿಲ್ಲ. "ನಾನು ಹೇಳಿದ್ದು ತಪ್ಪು ಅಂತ ಅವರು ಬರೆದಿದ್ರೆ ಸಹಿಸ್ಕೋತಿದ್ದೆ. ನಾನು ಹೇಳಿದ್ದನ್ನ ಅವರು ಕೇಳೇ ಇಲ್ಲ. ಕಾಗದ ತಗೋ."

ಕಾಲೇಜಿಗೆ ಪತ್ರ. ಅವಳು ಹೇಳುತ್ತ ಹೋದಳು, ನಾನು ಬರೆದೆ: 'ಈ ಪತ್ರವನ್ನು ಬರೆಯುತ್ತಿರುವವನೇ ನನ್ನ ಉತ್ತರವನ್ನು ಬದಲಿಸಿ, ನನಗೆ ಸುಳ್ಳು ಓದಿ ಹೇಳಿದ್ದಾನೆ. ಇವನನ್ನು ಇನ್ನು ಯಾರಿಗೂ ಸ್ಕ್ರೈಬ್ ಆಗಿ ಕೊಡಬಾರದು.' 'ತಿಳಿಯದೆ' ಎಂಬ ಒಂದು ಪದ ಸೇರಿಸಲು ಕೈ ತುರಿಸಿತು. ಸೇರಿಸಲಿಲ್ಲ. ಕೊನೆಯಲ್ಲಿ ಅವಳ ಬೆರಳನ್ನು ಸಹಿಯ ಜಾಗಕ್ಕೆ ತಂದಿಟ್ಟೆ, ಅವಳು ಸಹಿ ಹಾಕಿದಳು. ಓದಿ ಹೇಳಲೇ ಎಂದೆ. ಬೇಡವೆಂದು ಪತ್ರವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಆಸ್ಪತ್ರೆಯ ಔಷಧಿ ಕೌಂಟರಿನ ಹುಡುಗಿಯಿಂದ ಅದನ್ನು ಓದಿಸಿದಳಂತೆ. ಒಂದಕ್ಷರವೂ ಬದಲಾಗಿಲ್ಲವೆಂದು ಖಚಿತವಾದ ಮೇಲೂ, ಗೇಟಿನ ಕಾವಲುಗಾರನಿಂದ ಇನ್ನೊಮ್ಮೆ ಓದಿಸಿ ಅಂಚೆಗೆ ಹಾಕಿದಳು.